ಆಯಿಯ ಕಿವಿಗೆಂದು ಎರಡನೆಯ ಕಾರ್ಡು

ಭಟ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿನ ಕೌಂಟರಿನಲ್ಲಿ ಕೂರುವವಳು ನಾನು. ಮನೆ ಇರುವುದು ಹೊನ್ನಾವರದ ಹತ್ತಿರ, ಶರಾವತಿ ಸೇತುವೆಯ ಈಚೆ ದಡದ ಕಾಸರಕೋಡಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಶಿರಾಲಿ ಬರುವಷ್ಟರಲ್ಲಿ ನನ್ನದೊಂದು ಸಣ್ಣ ನಿದ್ದೆ ಮುಗಿದಿರುತ್ತದೆ. ಆಮೇಲೆ ಅಂಗಡಿ. ಸಂಜೆಯವರೆಗೂ ಬಿಲ್ಲು ಹೊಡೆಯುವುದು, ಬೇರೆಯವರ ಕಾರ್ಡುಗಳನ್ನು ಮಶೀನಿಗೆ ಹಾಕಿ ತೆಗೆಯುವುದು.

ಮದುವೆ ಜವಳಿಯ ದಿನಗಳಲ್ಲಿ ಈ ಕೆಲಸ ಕಷ್ಟದ್ದು. ಮನೆಮಂದಿಯೆಲ್ಲ ನಿಂತಿರುತ್ತಾರೆ, ಸೀರೆಗಳ ರಾಶಿ ಕೌಂಟರಿನ ಮೇಲಿರುತ್ತದೆ. ಯಜಮಾನ ಪರ್ಸಿನಿಂದ ಒಂದು ಕಾರ್ಡು ತೆಗೆದುಕೊಡುತ್ತಾನೆ, ಮಶೀನು ಒಪ್ಪುವುದಿಲ್ಲ. ಇನ್ನೊಂದು ಕೊಡುತ್ತಾನೆ, ಅದೂ ಇಲ್ಲ. ಮೂರನೆಯದನ್ನು ಹುಡುಕುವಾಗ ಅವನ ಬೆರಳು ಪರ್ಸಿನೊಳಗೆ ತಡವರಿಸುತ್ತದೆ. ಆಗ ನಾನು ಅವನ ಮುಖ ನೋಡುವುದಿಲ್ಲ. ಸೀರೆಗಳನ್ನು ಚೀಲಕ್ಕೆ ತುಂಬುವ ನೆಪ ಮಾಡಿಕೊಂಡು "ನೆಟ್‌ವರ್ಕ್ ಸರಿ ಇಲ್ಲ ಕಾಣ್ತದೆ, ಸ್ವಲ್ಪ ಕೂತ್ಕೊಳ್ಳಿ" ಎನ್ನುತ್ತೇನೆ. ಕೆಲವರು ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬರುತ್ತಾರೆ. ಕೆಲವರು ಎರಡು ಸೀರೆ ತೆಗೆದಿಡಲು ಹೇಳುತ್ತಾರೆ. ಯಾವ ಸೀರೆಯನ್ನು ತೆಗೆದಿಡಬೇಕೆಂದು ಹೇಳುವ ಹೆಂಗಸಿನ ದನಿ ಮಾತ್ರ ನನಗೆ ಮರೆಯುವುದಿಲ್ಲ.

ಇದನ್ನೆಲ್ಲ ನೋಡಿ ನೋಡಿಯೇ ಇರಬೇಕು, ನನ್ನ ಹತ್ತಿರ ಇದ್ದದ್ದು ಒಂದೇ ಕ್ರೆಡಿಟ್ ಕಾರ್ಡು. ಫ್ರಿಜ್ಜು ಕೆಟ್ಟಾಗ ಹೊಸದನ್ನು ಅದರಲ್ಲೇ ತಂದಿದ್ದೆವು. ಒಮ್ಮೆ ಕಂತಿನ ದಿನ ತಪ್ಪಿದಾಗ ಬ್ಯಾಂಕು ಹಾಕಿದ ಬಡ್ಡಿ ನೋಡಿ ನನ್ನ ಗಂಡ ದಂಗಾಗಿದ್ದರು. ಅವರು ಮೀನು ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಮಶೀನು ನೋಡಿಕೊಳ್ಳುವವರು. "ಇದು ಒಂದಿದ್ರೆ ಸಾಕು ಮಾರಾಯ್ತಿ" ಎಂದಿದ್ದರು. ನನಗೂ ಹಾಗೇ ಅನ್ನಿಸಿತ್ತು. ಅಂಗಡಿಗೆ ಬಂದು ಕಾರ್ಡು ಬೇಕಾ ಎಂದು ಕೇಳುವ ಬ್ಯಾಂಕಿನ ಹುಡುಗರಿಗೆ ಚಹಾ ಕೊಟ್ಟು ಕಳಿಸುತ್ತಿದ್ದೆ.

ಎರಡನೆಯ ಕಾರ್ಡಿನ ಮಾತು ನಮ್ಮ ಮನೆಗೆ ಬಂದದ್ದು ಆಯಿಯ ಕಿವಿಯಿಂದ.

ಆಯಿ, ಅಂದರೆ ನನ್ನ ತಾಯಿ, ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಹರೆಯದಿಂದಲೂ ಮೀನು ಮಾರಿದವಳು. ಬುಟ್ಟಿ ಹೊತ್ತು ಸೇತುವೆ ದಾಟಿ ಹೊನ್ನಾವರ ಪೇಟೆಯ ಮನೆಮನೆಗೆ ಹೋಗುತ್ತಿದ್ದಳು. ಅವಳ ಕೂಗು ಓಣಿಯ ಆ ತುದಿಗೆ ಕೇಳುತ್ತಿತ್ತು. ಆಮೇಲೆ ಮಾರ್ಕೆಟ್ಟಿನಲ್ಲಿ ಕೂತು ಮಾರತೊಡಗಿದಳು. ಸೊಂಟ ನೋವೆಂದು ಅದನ್ನು ಬಿಟ್ಟ ಮೇಲೂ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ, ಹಳೆಯ ಗೆಳತಿಯರ ಪಕ್ಕ ಕೂತು, ಎಲೆ ಅಡಿಕೆ ಹಾಕಿ ಬರುತ್ತಿದ್ದಳು. ಆಮೇಲಾಮೇಲೆ ಅದನ್ನೂ ನಿಲ್ಲಿಸಿದಳು. ಕೇಳಿದರೆ "ಬಿಸ್ಲು" ಎನ್ನುತ್ತಿದ್ದಳು. ಮಳೆಗಾಲದಲ್ಲಿ ಕೇಳಿದರೂ ಅದೇ ಉತ್ತರ.

ಕಿವಿ ಮಂದವಾಗುತ್ತಿದೆಯೆಂದು ನಮಗೆ ಗೊತ್ತಿತ್ತು. ಟೀವಿಯ ದನಿ ಏರುತ್ತ ಹೋಗಿತ್ತು. "ಆಯಿ, ಗಂಜಿ ಉಣ್ತ್ಯಾ?" ಎಂದು ಕೇಳಿದರೆ "ಹೌದು, ಅವ ಮೊನ್ನೆನೇ ಬಂದಿದ್ದ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ವಯಸ್ಸಾಯಿತು, ಇಷ್ಟು ಸಹಜ ಎಂದುಕೊಂಡು ದಿನ ಹೋಗುತ್ತಿತ್ತು.

ಒಂದು ಭಾನುವಾರ ಅವಳು ಹೆದ್ದಾರಿಯ ಆಚೆ ಬದಿಯ ಅಂಗಡಿಗೆ ಹೊರಟಿದ್ದಳು. ನಾನು ಈಚೆ ಬದಿಯಲ್ಲಿ ತರಕಾರಿಯವನ ಹತ್ತಿರ ನಿಂತಿದ್ದೆ. ಲಾರಿಯೊಂದು ಹಾರ್ನ್ ಬಾರಿಸುತ್ತಲೇ ಬಂತು. ಆಯಿ ತಿರುಗಿಯೂ ನೋಡದೆ ರಸ್ತೆಗೆ ಇಳಿದಳು. ಬ್ರೇಕಿನ ಸದ್ದಿಗೆ ತರಕಾರಿಯವನು ತಕ್ಕಡಿ ಕೈಬಿಟ್ಟ. ಲಾರಿ ಅವಳ ಸೀರೆಯ ಸೆರಗಿನ ಹತ್ತಿರ ನಿಂತಿತ್ತು. ಚಾಲಕ ಕೆಳಗಿಳಿದು ಬಾಯಿಗೆ ಬಂದಂತೆ ಬಯ್ಯತೊಡಗಿದ. ನಾನು ಓಡಿ ಹೋಗುವಷ್ಟರಲ್ಲಿ ಆಯಿ ಅವನಿಗೆ ನಗುಮುಖದಲ್ಲಿ ದಕ್ಷಿಣಕ್ಕೆ ಕೈ ತೋರಿಸುತ್ತಿದ್ದಳು. "ಸೀದಾ ಹೋಗಿ, ಸೀದಾ ಹೋದ್ರೆ ಭಟ್ಕಳ."

ದಾರಿ ಕೇಳುತ್ತಿದ್ದಾನೆ ಎಂದುಕೊಂಡಿದ್ದಳು. ಬಯ್ಯುತ್ತಿದ್ದ ಚಾಲಕ ಅರ್ಧಕ್ಕೇ ನಿಲ್ಲಿಸಿದ. ನನ್ನ ಮುಖ ನೋಡಿದ. "ಕಿವಿ ಕೇಳೂದಿಲ್ಲೇನ್ರೀ ಅವರಿಗೆ?" ಎಂದು ಸಣ್ಣ ದನಿಯಲ್ಲಿ ಕೇಳಿ, ತಾನೇ ಅವಳ ತೋಳು ಹಿಡಿದು ರಸ್ತೆ ದಾಟಿಸಿ, ಲಾರಿ ಹತ್ತಿ ಹೋದ.

ಮುಂದಿನ ವಾರ ರಜೆ ಹಾಕಿ ಆಯಿಯನ್ನು ಕುಮಟಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಿವಿಯ ಪರೀಕ್ಷೆ ಮಾಡುವ ಒಂದು ಕ್ಲಿನಿಕ್ಕಿದೆ. ಪರೀಕ್ಷೆ ಮಾಡಿದವಳು ನನಗಿಂತ ಬಹಳ ಚಿಕ್ಕ ಹುಡುಗಿ. ಗಾಜಿನ ಕೋಣೆಯಲ್ಲಿ ಆಯಿಯನ್ನು ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಲು ಸನ್ನೆಯಲ್ಲಿ ಹೇಳಿಕೊಟ್ಟಳು. ಆಯಿ ಬೆರಳೆತ್ತದೆ ಕೂತೇ ಇದ್ದಳು. ಕೊನೆಗೆ ಹುಡುಗಿ ಎರಡೂ ಕಿವಿಗೆ ಪುಟ್ಟ ಯಂತ್ರಗಳನ್ನು ಹಾಕಿ, ಕಂಪ್ಯೂಟರಿನಲ್ಲಿ ಏನೋ ಸರಿಮಾಡಿ, "ಈಗ ನೀವು ಅವರ ಹಿಂದೆ ನಿಂತು ಕರೀರಿ. ಜೋರಾಗಿ ಬೇಡ" ಎಂದಳು.

"ಆಯಿ" ಎಂದೆ.

ಆಯಿ ತಿರುಗಿದಳು.

ತಿರುಗಿದವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಕೈಯನ್ನು ಅಲ್ಲಾಡಿಸಿ ಬಳೆಗಳನ್ನು ನೋಡಿದಳು, ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲವನ್ನು ಮುಟ್ಟಿ ಕೈ ಹಿಂದೆ ತೆಗೆದಳು. "ಎಂತ ಇದು ಕರಕರ?" ಎಂದು ಎಂದಿನ ದನಿಯಲ್ಲಿ ಕೇಳಿದವಳು ತನ್ನ ದನಿಗೆ ತಾನೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು.

ಬೆಲೆ ಕೇಳಿ ನಾನು ಪರ್ಸನ್ನು ಮತ್ತೆ ಮುಚ್ಚಿದೆ. ಒಟ್ಟಿಗೆ ಕೊಡಲು ನಮ್ಮಿಂದ ಆಗುವಂಥದ್ದಲ್ಲ. ಹುಡುಗಿ ಅರ್ಥ ಮಾಡಿಕೊಂಡಳು. ಬಡ್ಡಿಯಿಲ್ಲದ ಕಂತುಗಳಲ್ಲಿ ಕೊಡಬಹುದು, ಆದರೆ ಅದಕ್ಕೆ ಇಂಥದೇ ಬ್ಯಾಂಕಿನ ಕ್ರೆಡಿಟ್ ಕಾರ್ಡು ಬೇಕು ಎಂದಳು. ನನ್ನದು ಆ ಬ್ಯಾಂಕಿನದಲ್ಲ. ನನ್ನ ಕಾರ್ಡಿನಲ್ಲೂ ಕಂತು ಮಾಡಬಹುದು, ಬಡ್ಡಿ ಬೀಳುತ್ತದೆ. "ಹೊಸ ಕಾರ್ಡಿಗೆ ಅರ್ಜಿ ಹಾಕಿ ನೋಡಿ ಅಕ್ಕ, ಅವಸರ ಇಲ್ಲ" ಎಂದು ಆಯಿಯ ಕಿವಿಯಿಂದ ಯಂತ್ರಗಳನ್ನು ಮೆಲ್ಲಗೆ ತೆಗೆದಳು. ತೆಗೆದ ಮೇಲೆ ಆಯಿಯ ಮುಖ ಮತ್ತೆ ಮೊದಲಿನ ಹಾಗೆ ಆದದ್ದನ್ನು ನಾನು ನೋಡಿದೆ.

ಗಂಡನಿಗೆ ಹೇಳಿದಾಗ ಅವರು ಬೇಡ ಎನ್ನಲಿಲ್ಲ. "ಆಯಿಗೆ ಬೇಕಲ್ಲ, ತೆಗಿ" ಎಂದರು. ಹಿಂಜರಿದವಳು ನಾನೇ. ಒಂದು ಕಾರ್ಡಿನ ಕಂತನ್ನೇ ತಿಂಗಳಿಡೀ ತಲೆಯಲ್ಲಿ ಇಟ್ಟುಕೊಂಡು ಓಡಾಡುವವಳಿಗೆ ಇನ್ನೊಂದು ತಾರೀಖು, ಇನ್ನೊಂದು ಶುಲ್ಕ. ಕಂತು ಮುಗಿಯುವ ತನಕ ಯಾರಿಗೂ ಕಾಯಿಲೆ ಬರಬಾರದು, ಐಸ್ ಫ್ಯಾಕ್ಟರಿ ಮಳೆಗಾಲದಲ್ಲಿ ಸಂಬಳ ಕಡಿಮೆ ಮಾಡಬಾರದು, ಮಗಳ ಕಾಲೇಜು ಹೊಸ ಫೀಸು ಕೇಳಬಾರದು. ಅದಕ್ಕಿಂತ ಹೆಚ್ಚಾಗಿ, ಪರ್ಸಿನಲ್ಲಿ ಇನ್ನೊಂದು ಕಾರ್ಡು ಇದೆ ಎಂಬ ಧೈರ್ಯ ನನ್ನನ್ನು ಏನು ಮಾಡುತ್ತದೋ ಎಂಬ ಹೆದರಿಕೆ. ಕೌಂಟರಿನ ಆಚೆ ನಿಂತು ಮೂರನೆಯ ಕಾರ್ಡು ಹುಡುಕುವವರೂ ಎರಡನೆಯದನ್ನು ಒಂದು ಒಳ್ಳೆಯ ಕಾರಣಕ್ಕೇ ತೆಗೆದುಕೊಂಡಿರಬೇಕಲ್ಲ?

ಅಂಗಡಿಯ ಸಾಹೇಬರು ನನ್ನ ಮುಖ ನೋಡಿ ವಿಷಯ ಕೇಳಿದರು. ಅವರು ಭಟ್ಕಳದ ನವಾಯತ ಮುಸ್ಲಿಮರು, ನನ್ನ ಅಪ್ಪನ ವಯಸ್ಸಿನವರು. ಬಡ್ಡಿಯ ವ್ಯವಹಾರ ಬೇಡವೆಂದು ಅವರು ಕ್ರೆಡಿಟ್ ಕಾರ್ಡನ್ನೇ ಇಟ್ಟುಕೊಂಡಿಲ್ಲ. ಗಿರಾಕಿಗಳಿಗಾಗಿ ಮಶೀನು ಇಟ್ಟಿದ್ದಾರೆ, ಅಷ್ಟೇ.

"ಅಮ್ಮನ ಕಿವಿಗೆ ಅಲ್ವಾ? ಇಲ್ಲಿಂದ ತಗೊಂಡು ಹೋಗಿ. ಪಗಾರದಲ್ಲಿ ತಿಂಗಳಿಗಿಷ್ಟು ಅಂತ ಹಿಡ್ಕೊಳ್ತೇನೆ" ಎಂದರು.

ನನ್ನ ಗಂಡನ ಹೊಟ್ಟೆಯ ಆಪರೇಷನ್ನಿಗೂ ಅವರೇ ಕೊಟ್ಟಿದ್ದರು. ಆ ಹಣ ತೀರುವ ತನಕ ಒಂದು ದಿನ ರಜೆ ಕೇಳಲೂ ನನಗೆ ನಾಲಿಗೆ ಏಳುತ್ತಿರಲಿಲ್ಲ. ಅವರು ಒಂದು ಮಾತೂ ಆಡಿದವರಲ್ಲ, ಆದರೂ.

"ಬೇಡ ಸಾಹೇಬ್ರೇ, ಈ ಸಲ ನಾನೇ ನೋಡ್ತೇನೆ" ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಆಯ್ತು. ಆಗದಿದ್ರೆ ಹೇಳಿ, ಸಂಕೋಚ ಮಾಡ್ಬೇಡಿ" ಎಂದು ತಸ್ಬೀ ಮಣಿಗಳನ್ನು ಎಣಿಸುತ್ತ ತಮ್ಮ ಜಾಗಕ್ಕೆ ಹೋದರು.

ಅದೇ ಸಂಜೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಅರ್ಜಿ ಹಾಕಿದೆ. ಅರ್ಜಿ ಹಾಕಿದರೆ ತೆಗೆದುಕೊಂಡ ಹಾಗಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಯಿಗೆ ತಿಳಿಸಲಿಲ್ಲ.

ಕಾರ್ಡು ಮಂಜೂರಾಯಿತು. ಕೊರಿಯರಿನಲ್ಲಿ ಬರುತ್ತದೆ ಎಂದು ಮೆಸೇಜು ಬಂತು. ನಾನು ಅಂಗಡಿಯಲ್ಲಿದ್ದೆ, ಗಂಡ ಫ್ಯಾಕ್ಟರಿಯಲ್ಲಿ, ಮಗಳು ಕಾಲೇಜಿನಲ್ಲಿ. ಮನೆಯಲ್ಲಿ ಆಯಿ ಒಬ್ಬಳೇ. ಕೊರಿಯರಿನವನು ಬಂದು ಬಾಗಿಲು ಬಡಿದಿದ್ದಾನೆ, ಕೂಗಿದ್ದಾನೆ, ಕಿಟಕಿಯ ಹತ್ತಿರ ಹೋಗಿ ನೋಡಿದ್ದಾನೆ. ಆಯಿ ಬಾಗಿಲಿಗೆ ಬೆನ್ನು ಹಾಕಿ ಕೂತು ಮೀನು ಕೊಯ್ಯುತ್ತಿದ್ದಳಂತೆ. ಮರುದಿನವೂ ಬಂದ. ಆ ದಿನ ಮಲಗಿದ್ದಳು. "ಮೇಡಂ, ನಿಮ್ಮ ಮನೇಲಿ ಒಬ್ರು ಅಜ್ಜಿ ಇದ್ದಾರೆ, ಎಷ್ಟು ಕರದ್ರೂ ತಿರುಗೂದೇ ಇಲ್ಲ" ಎಂದು ಫೋನು ಮಾಡಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳಿಗೆ ಕಿವಿ ಕೇಳಲೆಂದು ತರಿಸುತ್ತಿದ್ದ ಕಾರ್ಡು ಅವಳಿಗೆ ಕಿವಿ ಕೇಳದ್ದಕ್ಕೆ ವಾಪಸು ಹೋಗುತ್ತಿತ್ತು. ಕೊನೆಗೆ ಗುರುತಿನ ಚೀಟಿ ಹಿಡಿದು ನಾನೇ ಹೊನ್ನಾವರದ ಕೊರಿಯರ್ ಆಫೀಸಿಗೆ ಹೋಗಿ ತಂದೆ.

ಮನೆಗೆ ಬಂದರೆ ಆಯಿ ಹೊಸ್ತಿಲಲ್ಲೇ ಕೂತಿದ್ದಳು. ಬ್ಯಾಂಕಿನ ಲಕೋಟೆ ಹಿಡಿದು ಯಾರೋ ಬಂದಿದ್ದರೆಂದು ಪಕ್ಕದ ಮನೆಯವಳು ಸನ್ನೆಯಲ್ಲಿ ಅವಳಿಗೆ ತಿಳಿಸಿಬಿಟ್ಟಿದ್ದಳು.

"ಬ್ಯಾಂಕಿನವ್ರು ಮನೆ ತನಕ ಎಂತಕ್ ಬಂದದ್ದು?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೇಳಿದಳು.

ಕಿವಿ ಕೇಳದವರ ಹತ್ತಿರ ಹಣದ ಮಾತು ಗುಟ್ಟಾಗಿ ಆಡಲು ಆಗುವುದಿಲ್ಲ. ನಾನು ಹೇಳಿದ್ದು ಅವಳಿಗೆ ಕೇಳಬೇಕಾದರೆ ನಾಲ್ಕು ಮನೆಗೂ ಕೇಳುತ್ತದೆ. "ಬಾ" ಎಂದು ಕೈ ಹಿಡಿದು ಎಬ್ಬಿಸಿ ಸಮುದ್ರದ ಕಡೆಗೆ ಕರೆದುಕೊಂಡು ಹೋದೆ. ಒಣಮೀನು ಹರಡಿದವರೆಲ್ಲ ಎತ್ತಿಟ್ಟು ಮನೆಗೆ ಹೋಗಿದ್ದರು. ದಡಕ್ಕೆ ಎಳೆದಿಟ್ಟ ದೋಣಿಯ ನೆರಳಿನಲ್ಲಿ ಎದುರೆದುರು ಕೂತು ನಾನು ಕೂಗಿ ಕೂಗಿ ಹೇಳಿದೆ. ಕಿವಿಯ ಯಂತ್ರ, ಅದರ ಬೆಲೆ, ಕಂತು, ಕಾರ್ಡು, ಎಲ್ಲ. ನನ್ನ ತುಟಿಯನ್ನೇ ನೋಡುತ್ತ ಕೇಳಿಸಿಕೊಂಡಳು.

"ನಿಂಗೆ ಒಂದ್ ಕಾರ್ಡ್ ಅದೆ ಅಲ್ದ? ಮತ್ತೊಂದ್ ಎಂತಕೆ?"

"ಅದ್ರಲ್ಲಿ ತಕಂಡ್ರೆ ಬಡ್ಡಿ ಬೀಳ್ತದೆ ಆಯಿ. ಇದಕ್ಕೆ ಬಡ್ಡಿ ಇಲ್ಲ."

"ಬಡ್ಡಿ ಇಲ್ದೆ ಬ್ಯಾಂಕಿನವ ಎಂತಕ್ ಕೊಡ್ತ? ನೀ ಮರೀಲಿ ಅಂತ ಕಾಯ್ತಾ ಇರ್ತ."

ನನ್ನ ಹೆದರಿಕೆಯೂ ಅದೇ ಆಗಿತ್ತು. ಆಯಿ ಮರಳಿನಲ್ಲಿ ಬೆರಳಾಡಿಸುತ್ತ ತನ್ನ ಕಥೆ ಹೇಳಿದಳು. ಬೆಳಿಗ್ಗೆ ಮೀನು ಎತ್ತಲು ಒಬ್ಬನ ಹತ್ತಿರ ಹಣ ತೆಗೆದುಕೊಂಡು ಸಂಜೆ ಮಾರಿ ಬಂದು ಕೊಡುವುದು ಅವಳ ರೂಢಿ. ಒಂದು ವರ್ಷ ಬಲೆಗೆ ಮೀನೇ ಬೀಳಲಿಲ್ಲ. ಮೊದಲಿನವನಿಗೆ ಕೊಡಲು ಎರಡನೆಯವನ ಹತ್ತಿರ ತೆಗೆದುಕೊಂಡಳು. ಆಮೇಲೆ ಪೇಟೆಯಲ್ಲಿ ಯಾವ ಓಣಿಯಿಂದ ಹೋದರೆ ಯಾರು ಸಿಗುವುದಿಲ್ಲ ಎಂದು ನೋಡಿಕೊಂಡು ಬುಟ್ಟಿ ಹೊತ್ತಳು. "ಅವಾಗ ನೀ ಸಣ್ಣಕಿದ್ದೆ. ನಿಂಗೆ ಗೊತ್ತಿಲ್ಲ" ಎಂದಳು. ನಿಜಕ್ಕೂ ನನಗೆ ಗೊತ್ತಿರಲಿಲ್ಲ.

"ಹಂಗಾದ್ರೆ ಬೇಡ್ವಾ? ಕಾರ್ಡ್ ವಾಪಸ್ ಮಾಡ್ಲಾ?" ಎಂದು ಕೇಳಿದೆ.

ಆಯಿ ಸಮುದ್ರ ನೋಡಿದಳು. ಬೇಡ ಎನ್ನುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಹೊಸ ಸೀರೆ ತಂದರೂ, ಚಪ್ಪಲಿ ತಂದರೂ ಅವಳ ಮೊದಲ ಮಾತು ಅದೇ.

"ಮಾರ್ಕೆಟ್ಟಿಗೆ ಹೋಗುದು ಬಿಟ್ಟದ್ದು ಬಿಸ್ಲಿಗೆ ಅಲ್ಲ" ಎಂದಳು. "ಅವ್ರು ಎಂತಾರೂ ಹೇಳಿ ನಗಾಡ್ತ್ರು. ನಂಗೆ ಕೇಳುದಿಲ್ಲ. ಎಲ್ಲ ನಗಾಡಿದ ಮೇಲೆ ನಾ ನಗಾಡುದು. ಅವ್ರಿಗೆ ಗೊತ್ತಾಗ್ತದೆ. ಮತ್ತೆ ನನ್ ಮುಖ ನೋಡಿ ಸುಮ್ನಾಗ್ತ್ರು. ಅದ್ ಬೇಡಾಯ್ತು."

ಆಮೇಲೆ, ಅವಳ ಲೆಕ್ಕದಲ್ಲಿ ಅದು ಮೆಲುದನಿಯೇ ಇರಬೇಕು, ಹೇಳಿದಳು. "ಆ ದಿನ ನೀ ಹಿಂದಿಂದ ಕರ್ದದ್ದು ಕೇಳ್ತು. ನಂಗೆ ಅದು ಬೇಕು."

ಬೇಕು ಎಂಬ ಮಾತನ್ನು ತನಗಾಗಿ ಅವಳು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮನೆಗೆ ಬಂದು ಲಕೋಟೆ ಒಡೆದೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಫೋನು ಮಾಡಿದೆ. ಕಾರ್ಡಿನ ಮಿತಿಯನ್ನು ಯಂತ್ರಗಳ ಬೆಲೆಗಿಂತ ಸ್ವಲ್ಪವೇ ಮೇಲೆ ನಿಲ್ಲಿಸಲು ಹೇಳಿದೆ. ಆ ಕಡೆಯ ಹುಡುಗನಿಗೆ ನಂಬಿಕೆ ಬರಲಿಲ್ಲ. "ಮೇಡಂ, ಎಲ್ಲರೂ ಜಾಸ್ತಿ ಮಾಡಿ ಅಂತಾರೆ" ಎಂದ. ಕಂತಿನ ತಾರೀಖನ್ನು ನನ್ನ ಪಗಾರದ ಮರುವಾರಕ್ಕೆ ಹಾಕಿಸಿದೆ. ಗಂಡ ತಮ್ಮ ಮೊಬೈಲಿನಲ್ಲೂ ಅದನ್ನು ನೆನಪಿಗೆ ಇಟ್ಟುಕೊಂಡರು. ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಯಾವುದಕ್ಕೆ ಸಾಲ ಮಾಡುತ್ತಿದ್ದೇನೆ ಎಂಬುದು ಅಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಗೊತ್ತಿರಲಿಲ್ಲ.

ಕುಮಟಾದಲ್ಲಿ ಹಣ ಕೊಡುವ ಹೊತ್ತು ಬಂದಾಗ ನಾನು ಕೌಂಟರಿನ ಆಚೆ ಬದಿಯಲ್ಲಿ ನಿಂತಿದ್ದೆ. ಮಶೀನಿನಿಂದ ಚೀಟಿ ಕಿರ್ರೆಂದು ಹೊರಬಂತು. ದಿನವೂ ನೂರು ಸಲ ಕೇಳುವ ಆ ಸದ್ದು ಹಣ ಕೊಡುವವರ ಬದಿಯಲ್ಲಿ ನಿಂತಾಗ ಬೇರೆಯೇ.

ಯಂತ್ರ ಬಂದ ಮೊದಲ ದಿನಗಳು ಸುಲಭವಿರಲಿಲ್ಲ. ಮಿಕ್ಸಿ ಹಾಕಿದರೆ ಆಯಿ ಅಂಗಳಕ್ಕೆ ಓಡುತ್ತಿದ್ದಳು. ತಾನು ಇಷ್ಟು ವರ್ಷ ಎಷ್ಟು ಕೂಗಿ ಮಾತಾಡುತ್ತಿದ್ದೆ ಎಂದು ತಿಳಿದು ನಾಚಿ, ಪಿಸುಗುಟ್ಟತೊಡಗಿದಳು. ಅವಳು ಹೇಳಿದ್ದು ನಮಗೇ ಕೇಳುತ್ತಿರಲಿಲ್ಲ. "ಅಜ್ಜಿ, ಸ್ವಲ್ಪ ಜೋರು ಹೇಳೇ" ಎಂದು ಮಗಳು ಅಂಗಲಾಚುತ್ತಿದ್ದಳು. ಒಮ್ಮೆ ನಾನೂ ಗಂಡನೂ ಅಡುಗೆಮನೆಯಲ್ಲಿ ಜಗಳ ಆಡುತ್ತಿದ್ದಾಗ ಆಯಿ ಎರಡೂ ಯಂತ್ರಗಳನ್ನು ತೆಗೆದು ಡಬ್ಬಿಗೆ ಹಾಕಿ, ನಮಗೆ ಕಾಣುವ ಹಾಗೆ ಮುಚ್ಚಳ ಮುಚ್ಚಿದಳು. ಜಗಳ ಅಲ್ಲಿಗೇ ನಿಂತಿತು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಮಾರ್ಕೆಟ್ಟಿಗೆ ಹೋದಳು. ನಾನು ಸಂಜೆ ಬಂದಾಗ ಸುಸ್ತಾಗಿ ಗೋಡೆಗೆ ಒರಗಿ ಕೂತಿದ್ದಳು.

"ಎಂತ ಆಯ್ತು ಆಯಿ?"

"ಅಯ್ಯಯ್ಯೋ, ಆ ಹೆಂಗಸ್ರು ಎಂತಾ ಕೂಗ್ತ್ರು ಮಾರಾಯ್ತಿ! ತಲೆ ಚಿಟ್ಟು ಹಿಡ್ದು ಹೋಯ್ತು" ಎಂದಳು. ಆಮೇಲೆ ಅಲ್ಲಿ ಕೇಳಿದ ತಮಾಷೆಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಅರ್ಧದಷ್ಟು ನನ್ನ ಮಗಳ ಎದುರು ಹೇಳುವಂಥವಲ್ಲ.

ಕಂತು ಕಟ್ಟಿದ ತಿಂಗಳುಗಳಲ್ಲಿ ಎರಡು ಸಲ ಬಿಗಿಯಾಯಿತು. ಒಂದು ಮಳೆಗಾಲದಲ್ಲಿ ಐಸ್ ಫ್ಯಾಕ್ಟರಿ ನಿಂತಾಗ, ಇನ್ನೊಂದು ಮಗಳಿಗೆ ಜ್ವರ ಬಂದು ಆಸ್ಪತ್ರೆ ಸೇರಿದಾಗ. ಆ ಸಲ ಕಪಾಟಿನಲ್ಲಿ ಎತ್ತಿಟ್ಟಿದ್ದ ಹೊಸ ಕಾರ್ಡನ್ನು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದೆ. ಮತ್ತೆ ಅಲ್ಲೇ ಇಟ್ಟು ಸಾಹೇಬರ ಹತ್ತಿರ ಹೋದೆ. ಸ್ವಲ್ಪವೇ ಕೇಳಿದೆ. ಅವರು ಕೊಟ್ಟರು, ಏನೂ ಕೇಳಲಿಲ್ಲ. ಈ ಸಲ ನಾಲಿಗೆ ಅಷ್ಟು ಭಾರವಾಗಲಿಲ್ಲ.

ಕೊನೆಯ ಕಂತು ಕಟ್ಟಿದ ಮೇಲೆ ಕಾರ್ಡು ಮುಚ್ಚಲು ಬ್ಯಾಂಕಿಗೆ ಫೋನು ಮಾಡಿದೆ. ಹಜಾರದಲ್ಲಿ ಕೂತಿದ್ದೆ. ಆ ಕಡೆ ಒಬ್ಬಳು ಹುಡುಗಿ, ವಾರ್ಷಿಕ ಶುಲ್ಕ ತೆಗೆದುಬಿಡುತ್ತೇವೆ, ಮಿತಿ ಎರಡು ಪಟ್ಟು ಮಾಡುತ್ತೇವೆ, ಯಾಕೆ ಮುಚ್ಚುತ್ತೀರಿ, ಇಟ್ಟುಕೊಳ್ಳಿ ಎಂದು ಬೇಡಿಕೊಳ್ಳುವ ದನಿಯಲ್ಲಿ ಹೇಳಿದಳು. ಅವಳಿಗೂ ಮೇಲಿನವರ ಒತ್ತಡ ಇರುತ್ತದೆ, ಪಾಪ. "ಇಲ್ಲಮ್ಮ, ನಮ್ಮ ಕೆಲಸ ಆಗಿದೆ. ನಿಮ್ಮಿಂದ ಉಪಕಾರವೇ ಆಯ್ತು" ಎಂದು ನಿಜವನ್ನೇ ಹೇಳಿ ಫೋನು ಇಟ್ಟೆ.

"ಯಾರ ಫೋನು?" ಎಂದು ಹಿತ್ತಿಲಿನಿಂದ ಆಯಿ ಕೇಳಿದಳು.

"ಬ್ಯಾಂಕಿನವ್ರು."

"ಎಂತಂದ್ರು?"

"ಕಾರ್ಡ್ ಇಟ್ಕಣಿ ಅಂದ್ರು. ಬೇಡ ಅಂದೆ."

"ಹ್ಞಾಂ, ಆತು" ಎಂದಳು. ಆಮೇಲೆ ಬಾವಿಗೆ ಕೊಡ ಇಳಿಸಿದ ಸದ್ದು ಬಂತು. "ಬಂಗಡೆ ತಂದಿದ್ದೆ. ಸಾರು ಮಾಡ್ತ್ಯಾ, ನಾ ಮಾಡ್ಲಾ?"

"ನೀನೇ ಮಾಡು ಆಯಿ" ಎಂದೆ, ಕೂತಲ್ಲಿಂದಲೇ.